ಲೆಕ್ಕ ಬಾರದ ಮಗು ಸೋಮಾರಿಯಲ್ಲ



ರಜೆಯಲ್ಲಿದ್ದ ಶಿಕ್ಷಕರೊಬ್ಬರ ಬದಲಿಗೆ ಮುಂಬೈಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಕೆಲವು ವಾರ ಗಣಿತ ಕಲಿಸಿದೆ. ಒಬ್ಬ ಹುಡುಗ ಲೆಕ್ಕ ಬಿಡಿಸುವ ಕ್ರಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತಿದ್ದ. ಬರೆಯುವಾಗ ಮಾತ್ರ 36 ಹೋಗಿ 63 ಆಗುತ್ತಿತ್ತು. 7ಕ್ಕೆ 8 ಕೂಡಿಸಲು ಬೆರಳು ಎಣಿಸುತ್ತಿದ್ದ.

"ಮನೇಲಿ ಕನ್ನಡ ಬಿಟ್ಟರೆ ಸರಿಹೋಗುತ್ತಾ ಸರ್?" ಎಂದು ಅವನ ತಾಯಿ ಕೇಳಿದರು.

ದಯವಿಟ್ಟು ಬಿಡಬೇಡಿ. ಎರಡು ಮೂರು ಭಾಷೆ ಆಡುವುದರಿಂದ ಕಲಿಕಾ ನ್ಯೂನತೆ ಬರುವುದಿಲ್ಲ. ಡಿಸ್ಕ್ಯಾಲ್ಕುಲಿಯಾ ಎಂದರೆ ಮೆದುಳು ಸಂಖ್ಯೆಗಳನ್ನು ಗ್ರಹಿಸುವುದರಲ್ಲಿರುವ ತೊಡಕು. ಬೈಗುಳದಿಂದಾಗಲಿ, ಇನ್ನೊಂದು ಟ್ಯೂಷನ್‌ನಿಂದಾಗಲಿ ಅದು ಹೋಗದು. ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ವಿಶೇಷ ಶಿಕ್ಷಕರಿಂದ ಅನುಕೂಲವಾಗುತ್ತದೆ.

ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ತಪಾಸಣೆ ಮಾಡಿಸಿ. ಮನೆಮಾತು ಕನ್ನಡವೆಂದು ವೈದ್ಯರಿಗೆ ತಿಳಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಪ್ರಮಾಣಪತ್ರವಿದ್ದರೆ ಸಿಬಿಎಸ್‌ಇ 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚು ಕೊಡುತ್ತದೆ. ಉಳಿದ ಬೋರ್ಡ್‌ಗಳ ನಿಯಮವನ್ನು ಶಾಲೆಯಲ್ಲಿ ಕೇಳಿ.

ಊರಿನವರು ಏನೆನ್ನುತ್ತಾರೋ ಎಂದು ಅಂಜಿ ಹತ್ತನೇ ತರಗತಿಯವರೆಗೆ ಕಾಯಬೇಡಿ. ಆ ಪ್ರಮಾಣಪತ್ರ ಕಳಂಕವಲ್ಲ, ಕನ್ನಡಕದಂತೆ ಒಂದು ಆಸರೆ.