'ಬಿ' ಬರೀ ಅಲಂಕಾರವಲ್ಲ

ಪ್ರೋಗ್ರಾಮಿನಲ್ಲಿ ಓದಲು ಕಡತ ತೆರೆಯುವಾಗ 'ಆರ್' ಸಾಕು, 'ಆರ್‌ಬಿ'ಯಲ್ಲಿನ 'ಬಿ' (ಬೈನರಿ, ಅಂದರೆ ಬೈಟ್‌ಗಳನ್ನು ಇದ್ದಂತೆಯೇ ಓದು) ಹಳೆಯ ಕಾಲದ ಪಳೆಯುಳಿಕೆ, ಲಿನಕ್ಸ್‌ನಲ್ಲಿ ಎರಡೂ ಒಂದೇ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಸಿ ಭಾಷೆಯ ಮಟ್ಟಿಗೆ ಕೊನೆಯ ಮಾತು ನಿಜ. ಅದರಿಂದ ಹೊರಡಿಸಿದ ತೀರ್ಮಾನ ಮಾತ್ರ ತಪ್ಪು.

ಮೊದಲಿಗೆ, ಲೋಕವೆಲ್ಲ ಲಿನಕ್ಸ್ ಅಲ್ಲ. ವಿಂಡೋಸ್‌ನಲ್ಲಿ ಸಿ ಪ್ರೋಗ್ರಾಮು 'ಬಿ' ಇಲ್ಲದೆ, ಅಂದರೆ ಕಡತವನ್ನು ಪಠ್ಯವೆಂದು ಓದಿದರೆ 13, 10 ಎಂಬ ಬೈಟ್ ಜೋಡಿ ಬರೀ 10 ಆಗುತ್ತದೆ. 26 ಎದುರಾದರೆ ಕಡತ ಅಲ್ಲಿಗೇ ಮುಗಿಯಿತೆಂದು ಲೆಕ್ಕ. ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟ್‌ಗಳು 137, 80, 78, 71, 13, 10, 26, 10. ಇಂಥ ಹಾನಿಯನ್ನು ಪತ್ತೆಹಚ್ಚಲೆಂದೇ ಪಿಎನ್‌ಜಿಯನ್ನು ರೂಪಿಸಿದವರು ಈ ಸಾಲನ್ನು ಆರಿಸಿದರು. ಪಳೆಯುಳಿಕೆಗೆ ಯಾರೂ ಇಷ್ಟು ಕಾವಲು ಹಾಕುವುದಿಲ್ಲ.

ಎರಡನೆಯದಾಗಿ, ಪೈಥಾನ್ 3ರಲ್ಲಿ 'ಲಿನಕ್ಸ್‌ನಲ್ಲಿ ಎರಡೂ ಒಂದೇ' ಎಂಬ ಮಾತೂ ನಿಲ್ಲದು. 'ಆರ್' ಎಂದರೆ ಅದು ಬೈಟ್‌ಗಳನ್ನು ಅಕ್ಷರಗಳಾಗಿ ಬಿಡಿಸಲು ಹೊರಡುತ್ತದೆ. ಯುಟಿಎಫ್-8ರಲ್ಲಿ 137ರಿಂದ ಯಾವ ಅಕ್ಷರವೂ ಆರಂಭವಾಗದು. ಹಾಗಾಗಿ ಮೊದಲ ಬೈಟ್‌ನಲ್ಲೇ ದೋಷ.

ಇನ್ನು 'ಬಿ' ಹಾಕಿದರೆ ಎಲ್ಲವೂ ಸರಿ ಎನ್ನುವವರ ಭರವಸೆಯೂ ಅರ್ಧಸತ್ಯ. ಪಿಎನ್‌ಜಿ ಸಂಖ್ಯೆಯ ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡುತ್ತದೆ; ಇಂಟೆಲ್ ಪ್ರೊಸೆಸರ್ ಕೊನೆಗೆ ಇಡುತ್ತದೆ. ನಾಲ್ಕು ಬೈಟ್‌ಗಳನ್ನು ನೇರ ಪೂರ್ಣಾಂಕಕ್ಕೆ ಸುರಿದರೆ 1 ಎಂದಿದ್ದ ಚಿತ್ರದ ಅಗಲ 1,67,77,216 ಆಗುತ್ತದೆ. ಬೈಟ್ ಕ್ರಮವನ್ನೂ ಪ್ರೋಗ್ರಾಮಿನಲ್ಲೇ ಹೇಳಬೇಕು.

ಲಿನಕ್ಸ್‌ನ ಸಿ ಪ್ರೋಗ್ರಾಮಿನಲ್ಲಿ 'ಬಿ' ಬರೆದರೆ ನಷ್ಟವಿಲ್ಲ. ವಿಂಡೋಸ್‌ನಲ್ಲಿ ಬಿಟ್ಟರೆ ದತ್ತಾಂಶವೇ ಕೈತಪ್ಪುತ್ತದೆ. ಉಳಿತಾಯ ಒಂದೇ ಅಕ್ಷರ. ಅದಕ್ಕೆ ಇಷ್ಟು ದುಬಾರಿ ವಾದ ಬೇಕೆ?