ಉಷ್ಣವಲಯದ ಜೀವಿಸಂರಕ್ಷಣೆಯಲ್ಲಿ ಅನುಭವಿಗಳ ಸ್ನಾತಕೋತ್ತರ ಅಧ್ಯಯನ

ಅರಣ್ಯ ಮತ್ತು ವನ್ಯಜೀವಿಗಳ ರಕ್ಷಣೆಯಲ್ಲಿ ಈಗಾಗಲೇ ತೊಡಗಿರುವವರು ತಮ್ಮ ಕ್ಷೇತ್ರಾನುಭವದ ಆಧಾರದ ಮೇಲೆ ಕೈಗೊಳ್ಳುವ ಉನ್ನತ ವ್ಯಾಸಂಗವನ್ನು ಅನುಭವಿಗಳ ಸ್ನಾತಕೋತ್ತರ ಅಧ್ಯಯನ ಎನ್ನಬಹುದು. ಉಷ್ಣವಲಯದ ದೇಶಗಳಲ್ಲಿ ಕಾಡು, ಹೊಲ ಮತ್ತು ಊರು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಇಂತಹ ಅಧ್ಯಯನಕ್ಕೆ ವಿಶೇಷ ಮಹತ್ವವಿದೆ. ಮಂಡ್ಯ ಜಿಲ್ಲೆಯ ಹೊಣಕೆರೆ ಹೋಬಳಿಯ ಸುತ್ತಲಿನ ಪ್ರದೇಶ ಇದಕ್ಕೊಂದು ನಿದರ್ಶನ.

ಅಧ್ಯಯನದ ಅವಕಾಶಗಳು

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವು 2010ರಲ್ಲಿ ವೃತ್ತಿಯ ಅನುಭವವುಳ್ಳವರಿಗಾಗಿ ಸಂರಕ್ಷಣಾ ನಾಯಕತ್ವದ ಎಂ.ಫಿಲ್. ಆರಂಭಿಸಿತು. 1982ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯು ಸೇವೆಯಲ್ಲಿರುವ ಅರಣ್ಯಾಧಿಕಾರಿಗಳಿಗೆ ವನ್ಯಜೀವಿ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನೀಡುತ್ತದೆ. ನೆರೆಯ ದೇಶಗಳ ಅಧಿಕಾರಿಗಳೂ ಇದರಲ್ಲಿ ಕಲಿತಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ವನ್ಯಜೀವಿಶಾಸ್ತ್ರ ಮತ್ತು ಸಂರಕ್ಷಣೆಯ ಎರಡು ವರ್ಷಗಳ ಎಂ.ಎಸ್ಸಿ. ಇದೆ.

ಬೇರೆ ವೃತ್ತಿಯಿಂದ ಈ ಕ್ಷೇತ್ರಕ್ಕೆ ಬಂದು, ಬಳಿಕ ವಿದೇಶದಲ್ಲಿ ಓದಿದ ಕನ್ನಡಿಗರೂ ಇದ್ದಾರೆ. ಇಂಜಿನಿಯರಿಂಗ್ ಪದವೀಧರರಾದ ಕೆ. ಉಲ್ಲಾಸ ಕಾರಂತರು ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಹುಲಿಯ ಪಟ್ಟೆಗಳ ಚಿತ್ರದಿಂದ ಅವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ನಾಗರಹೊಳೆಯಲ್ಲಿ ರೂಢಿಗೆ ತಂದರು. ಚಿರತೆಗಳ ಅಧ್ಯಯನಕ್ಕೆ ಹೆಸರಾದ ಸಂಜಯ್ ಗುಬ್ಬಿಯವರೂ ಇಂಜಿನಿಯರಿಂಗ್ ಹಿನ್ನೆಲೆಯವರು; ಕೆಂಟ್ ವಿಶ್ವವಿದ್ಯಾಲಯದಲ್ಲಿ ಸಂರಕ್ಷಣಾ ಜೀವಶಾಸ್ತ್ರವನ್ನು ಓದಿದವರು.

ಹೊಣಕೆರೆಯ ಸುತ್ತಲಿನ ಪ್ರದೇಶ

ಹೊಣಕೆರೆಯು ನಾಗಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರ. ಇದೇ ತಾಲ್ಲೂಕಿನಲ್ಲಿ 0.84 ಚದರ ಕಿ.ಮೀ. ವಿಸ್ತೀರ್ಣದ ಆದಿಚುಂಚನಗಿರಿ ನವಿಲುಧಾಮವಿದೆ. ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳ ಕಡೆ, ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿಸಿದ ಮೇಲುಕೋಟೆ ವನ್ಯಜೀವಿಧಾಮ (49.82 ಚ.ಕಿ.ಮೀ.) ಇದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ತಾಣವಾಗಿ ಮನ್ನಣೆ ಪಡೆಯಿತು. ಇವೆಲ್ಲವೂ ಹೊಲ, ತೋಟ, ಜನವಸತಿಗಳ ನಡುವಿನ ತಾಣಗಳು. ಇವುಗಳ ಗಡಿಯ ಹೊರಗೂ ಬಂಡೆಗುಡ್ಡ, ಕುರುಚಲು ಕಾಡು ಮತ್ತು ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ವಾಸಿಸುತ್ತವೆ.

ಚಿರತೆಯ ಪ್ರಶ್ನೆ

ಕುರಿ, ಮೇಕೆ ಅಥವಾ ನಾಯಿ ಚಿರತೆಯ ಪಾಲಾದಾಗ ಗ್ರಾಮಸ್ಥರು ಬೋನು ಇಡುವಂತೆ ಒತ್ತಾಯಿಸುವುದು ಸಹಜ. ಕುರಿ ಕಳೆದುಕೊಂಡ ಕುಟುಂಬಕ್ಕೆ ಅದು ಜೀವನೋಪಾಯದ ಪ್ರಶ್ನೆ. ಸಂಜೆ ಹೊಲದಿಂದ ಮರಳುವವರಿಗೆ ಜೀವಭಯ. ಸೆರೆಸಿಕ್ಕ ಚಿರತೆಯನ್ನು ದೂರದ ಕಾಡಿಗೆ ಬಿಟ್ಟರೆ ಸಮಸ್ಯೆ ಮುಗಿಯಿತೆಂಬುದು ಸಾಮಾನ್ಯ ನಂಬಿಕೆ.

ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಪ್ರಶ್ನಿಸಿತು. ಅಲ್ಲಿ ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ, 2001ರಲ್ಲಿ ಸ್ಥಳಾಂತರ ಆರಂಭವಾದ ಮೇಲೆ 17ಕ್ಕೆ ಏರಿತ್ತು. 2011ರಲ್ಲೇ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಮನಬಂದಂತೆ ಚಿರತೆ ಹಿಡಿದು ಬಿಡುವುದನ್ನು ನಿರುತ್ತೇಜಿಸಿತು. ಭದ್ರವಾದ ಕೊಟ್ಟಿಗೆ, ತ್ವರಿತ ಪರಿಹಾರ, ಊರಿನ ಕಸದ ವಿಲೇವಾರಿ ಮೊದಲಾದ ಕ್ರಮಗಳು ಹೆಚ್ಚು ಫಲಕಾರಿ ಎಂಬ ಅಭಿಪ್ರಾಯ ತಜ್ಞರಲ್ಲಿದೆ.

2024ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಆದರೆ ಈ ಸಮೀಕ್ಷೆ ಮುಖ್ಯವಾಗಿ ಅರಣ್ಯಗಳಿಗೆ ಸೀಮಿತವಾಗಿತ್ತು. ಹೊಲಗಳ ನಡುವೆ ಬದುಕುವ ಚಿರತೆಗಳನ್ನು ಅರಿಯಲು ಸ್ಥಳೀಯ ಅಧ್ಯಯನಗಳೇ ಆಧಾರವಾಗಬೇಕಾಗುತ್ತದೆ.

ಮಿತಿಗಳು

ಬೋನು ಇಡಬೇಕೆ, ಬೇಡವೆ ಎಂಬ ಒತ್ತಡವನ್ನು ಮೊದಲು ಎದುರಿಸುವವರು ವಲಯ ಅರಣ್ಯಾಧಿಕಾರಿ, ಗಸ್ತು ಅರಣ್ಯ ಪಾಲಕ ಮತ್ತು ಕಾವಲುಗಾರರು. ಚಿರತೆಯ ಹೆಜ್ಜೆ, ದಾರಿ, ಅಡಗುತಾಣಗಳ ಪರಿಚಯ ಅವರಿಗಿರುತ್ತದೆ. ಆದರೆ ಮೇಲೆ ಹೇಳಿದ ವ್ಯಾಸಂಗಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ದೂರದ ನಗರಗಳಲ್ಲಿ ನಡೆಯುತ್ತವೆ. ಪ್ರವೇಶಕ್ಕೆ ಪದವಿಯನ್ನೋ ಹಿರಿಯ ಹುದ್ದೆಯನ್ನೋ ಬಯಸುತ್ತವೆ. ಪದವಿಯಿಲ್ಲದ ಕಾವಲುಗಾರರ ತಿಳಿವಳಿಕೆ ಅಲ್ಲಿಗೆ ಏರುವುದಿಲ್ಲ, ಅಲ್ಲಿನ ಸಂಶೋಧನೆಯ ಫಲಿತಾಂಶ ಗ್ರಾಮಸಭೆಗೆ ಸುಲಭವಾಗಿ ಇಳಿಯುವುದಿಲ್ಲ.

ಆದ್ದರಿಂದ ಇಂತಹ ಅಧ್ಯಯನದ ಯಶಸ್ಸನ್ನು ಪದವಿ ಪಡೆದವರ ಸಂಖ್ಯೆಯಿಂದಷ್ಟೇ ಅಳೆಯಲಾಗದು. ವೇತನಸಹಿತ ರಜೆ, ಕನ್ನಡದಲ್ಲಿ ಪಠ್ಯಸಾಮಗ್ರಿ, ಮೇಲುಕೋಟೆಯಂತಹ ತಾಣಗಳಲ್ಲೇ ಕ್ಷೇತ್ರಪಾಠ ಇವು ದೊರೆತಲ್ಲಿ ಕೆಳಹಂತದ ಸಿಬ್ಬಂದಿಗೂ ಈ ವಿದ್ಯೆ ತಲುಪಬಲ್ಲದು.