ಅಂಗಡಿಯಿಂದ ಅಸೆಂಬ್ಲಿಗೆ: ಲೆಕ್ಕ ಕೇಳುವವರು ಯಾರು?



ಶನಿವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಮಂಗಳೂರು ಬಸ್ಸು ಹತ್ತಿ ಊರಿಗೆ ಓಡುವ ಮಲೆನಾಡಿನ ಹುಡುಗರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಸಕಲೇಶಪುರ ದಾಟಿ ಆನೇಮಹಲ್, ದೋಣಿಗಾಲ್ ಕಡೆ ಗುಂಡಿಯಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಸರ್ಕಾರವನ್ನು ಬೈದಿದ್ದೀರಿ. 2022ರ ಮಳೆಗಾಲದಲ್ಲಿ ದೋಣಿಗಾಲ್ ಬಳಿ ರಸ್ತೆಯೇ ಕುಸಿಯಿತು. ಆಗಲೂ ಬೈದಿರಿ. ಸರಿ, ಆ ಬೈಗುಳ ಯಾರ ವಿಳಾಸಕ್ಕೆ ಹೋಗಬೇಕು?

2023ರ ಮೇ ತಿಂಗಳಿನಿಂದ ಈ ಕ್ಷೇತ್ರದ ಶಾಸಕರು ಬಿಜೆಪಿಯ ಎಸ್. ಮಂಜುನಾಥ್. ಹಾಗೆಂದರೆ ಆನೇಮಹಲ್ ಪೇಟೆಯಲ್ಲಿ ಯಾರು ಅಂತ ಕೇಳಿಯಾರು! ಸಿಮೆಂಟ್ ಮಂಜು ಅನ್ನಿ, ಮಕ್ಕಳೂ ಹೇಳುತ್ತವೆ. ಮನೆತನದ ಹೆಸರಲ್ಲ, ಜಹಗೀರಿನ ಹೆಸರಲ್ಲ, ವ್ಯಾಪಾರದ ಹೆಸರು. ತೋಟದ ಧಣಿಗಳ ಮಾತೇ ನಡೆಯುತ್ತಿದ್ದ ನಾಡು ಇದು. 2008ರಲ್ಲಿ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿಂದ ಮೂರು ಸಲ ಸತತ ಗೆದ್ದವರು ಜೆಡಿಎಸ್‌ನ ಎಚ್.ಕೆ. ಕುಮಾರಸ್ವಾಮಿ, ಪಕ್ಷದ ರಾಜ್ಯಾಧ್ಯಕ್ಷರಾಗಿದ್ದವರು. ಅಂಥವರನ್ನು ಮಂಜು ಸುಮಾರು 2 ಸಾವಿರ ಮತಗಳಿಂದ ಕೆಡವಿದರು. ಅದೂ ರಾಜ್ಯದಲ್ಲಿ ಕಾಂಗ್ರೆಸ್ 135 ಗೆದ್ದು, ಬಿಜೆಪಿ 66ಕ್ಕೆ ಇಳಿದ ಚುನಾವಣೆಯಲ್ಲಿ! ಇದು ಸಣ್ಣ ಸಾಧನೆಯಲ್ಲ, ಒಪ್ಪೋಣ. (ನಾಲ್ಕೇ ತಿಂಗಳಿಗೆ ಎರಡೂ ಪಕ್ಷ ದೆಹಲಿಯಲ್ಲಿ ಕೈ ಕುಲುಕಿದವು. ಊರಲ್ಲಿ ಜಗಳವಾಡಿ ಮಾತು ಬಿಟ್ಟ ಕಾರ್ಯಕರ್ತರ ಪಾಡು ಯಾರಿಗೆ ಬೇಕು?)

ನಮ್ಮ ತಕರಾರು ವ್ಯಾಪಾರಿ ಶಾಸಕನಾದದ್ದಕ್ಕಲ್ಲ. ಅಂಗಡಿಯಲ್ಲಿ ಒಂದು ಮೂಟೆ ಕಮ್ಮಿ ಬಂದರೆ ಜಗಳ ತೆಗೆಯುವ ನಾವು, ಓಟನ್ನು ಮಾತ್ರ ಐದು ವರ್ಷ ಉದ್ರಿ ಕೊಟ್ಟು ಸುಮ್ಮನಿರುತ್ತೇವಲ್ಲ, ಅದಕ್ಕೆ.

ಈ ಬೆಟ್ಟಗಳಲ್ಲಿ ಈಗ ಏನು ನಡೆದಿದೆ ನೋಡಿ. ಚತುಷ್ಪಥ ಹೆದ್ದಾರಿ, ರೆಸಾರ್ಟು, 23 ಸಾವಿರ ಕೋಟಿ ದಾಟಿದ ಎತ್ತಿನಹೊಳೆ. ಎಲ್ಲವೂ ಕಾಂಕ್ರೀಟಿನ ಕೆಲಸ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮು ನಿಮಗೆ ಗೊತ್ತೇ? ಸರ್ಕಾರಕ್ಕೆ ಸರಕು ಪೂರೈಸುವ, ಕಾಮಗಾರಿ ನಡೆಸುವ ಗುತ್ತಿಗೆ ಕೈಯಲ್ಲಿದ್ದರೆ ಅಂಥವನು ಶಾಸಕನಾಗಿರುವಂತಿಲ್ಲ. ಬಾವಮೈದುನನ ಹೆಸರಿನ ಗುತ್ತಿಗೆಯಾದರೆ ಈ ಬಲೆಗೆ ಬೀಳುವುದಿಲ್ಲ, ಅದು ಬೇರೆ ಮಾತು. ಮಂಜು ಅವರ ಮೇಲೆ ಇದು ಆಪಾದನೆಯಲ್ಲ. ವ್ಯಾಪಾರದಿಂದ ವಿಧಾನಸೌಧಕ್ಕೆ ಬಂದವರು ಎಲ್ಲ ಪಕ್ಷದಲ್ಲೂ ಇದ್ದಾರೆ. ಅವರೆಲ್ಲರ ಆಸ್ತಿಯ ಅಫಿಡವಿಟ್ ಚುನಾವಣಾ ಆಯೋಗದಲ್ಲಿ ಬಹಿರಂಗವಾಗಿದೆ. ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ?

ಶಾಸಕನ ಕೈಗೆ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿಯ ನಿಧಿ ಇದೆ. ಎಲ್ಲಿ ಖರ್ಚಾಯಿತು? ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿ. ಕನ್ನಡದಲ್ಲೇ ಬರೆಯಿರಿ, ಉತ್ತರ ಕನ್ನಡದಲ್ಲೇ ಬೇಕೆಂದು ಹಟ ಹಿಡಿಯಿರಿ. ಹೆದ್ದಾರಿ ಕೇಂದ್ರದ್ದು ಎಂಬ ಉತ್ತರ ಬಂದೀತು. ಆದರೆ ಭೂಸ್ವಾಧೀನ ಮಾಡುವ ಕಂದಾಯ ಇಲಾಖೆ ಯಾರದು? 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡಿ ದಸರೆಯ ಅರ್ಜುನ ಸತ್ತ. ಎಂಟು ಸಲ ಅಂಬಾರಿ ಹೊತ್ತ ಆನೆ! ಆ ಕಾರ್ಯಾಚರಣೆ ನಡೆಸಿದ ಅರಣ್ಯ ಇಲಾಖೆ ಯಾರದು?

ಇನ್ನು ನಮ್ಮ ಹೊಟ್ಟೆಪಾಡು. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಸಂಪುಟ 2024ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಡುಗಿದರು, ಎರಡೇ ದಿನದಲ್ಲಿ ಸರ್ಕಾರ ತಡೆಹಿಡಿಯಿತು. ಉದ್ಯಮಿಯ ಕಷ್ಟವೂ ಗೊತ್ತಿರುವ, ಮಲೆನಾಡಿನ ಹುಡುಗರ ಕಷ್ಟವೂ ಗೊತ್ತಿರುವ ಶಾಸಕ ಯಾವ ಕಡೆ ನಿಲ್ಲುತ್ತಾರೆ?

ಮುಂದಿನ ಸಲ ಊರಿಗೆ ಹೋದಾಗ ಶಾಸಕರು ಗೃಹಪ್ರವೇಶಕ್ಕೋ ಜಾತ್ರೆಗೋ ಸಿಕ್ಕೇ ಸಿಗುತ್ತಾರೆ. ಸೆಲ್ಫಿ ಆಮೇಲೆ ತೆಗೆಸಿಕೊಳ್ಳಿ. ಮೊದಲು ಕೇಳಿ: ‘ಮಂಜಣ್ಣ, ಹೋದ ಅಧಿವೇಶನದಲ್ಲಿ ನಮ್ಮ ಊರಿನ ಬಗ್ಗೆ ಎಷ್ಟು ಪ್ರಶ್ನೆ ಕೇಳಿದಿರಿ?’